ಕರೆದರೂ ಮರಳಿ ಬಾರದ ಮುಧೋಳ ನಾಯಿ: ಏನು ಮಾಡಬೇಕು?

ಪ್ರಶ್ನೆ (ಧಾರವಾಡದಿಂದ)

ನಮಸ್ಕಾರ. ನಮ್ಮಲ್ಲಿ 14 ತಿಂಗಳ ಮುಧೋಳ ತಳಿಯ ಹೆಣ್ಣು ನಾಯಿಯಿದೆ, ಹೆಸರು ಬಿಜಲಿ. ಅಂಗಳದಲ್ಲಿ ಒಂದೇ ಕೂಗಿಗೆ ಓಡಿಬರುವ ಇದು, ಜೋಳ ಕೊಯ್ದ ಬಯಲಿನಲ್ಲಿ ಹಗ್ಗ ಬಿಚ್ಚಿದೊಡನೆ ನನ್ನ ದನಿಯನ್ನೇ ಮರೆಯುತ್ತದೆ. ಕಳೆದ ವಾರ ಮೊಲವೊಂದರ ಬೆನ್ನುಹತ್ತಿ ಹೋದದ್ದು ಮುಕ್ಕಾಲು ಗಂಟೆ ಮರಳಲಿಲ್ಲ. ಅದು ಹೋದ ದಿಕ್ಕಿನಲ್ಲಿ ಹೆದ್ದಾರಿಯಿರುವುದರಿಂದ ನನ್ನ ಜಂಘಾಬಲವೇ ಉಡುಗಿಹೋಗಿತ್ತು. ಕೊನೆಗೆ ಬಂದಾಗ ಸಿಟ್ಟಿನಲ್ಲಿ ಎರಡೇಟು ಹೊಡೆದು ಕಟ್ಟಿಹಾಕಿದೆ. ಅಂದಿನಿಂದ ಕರೆದರೆ ಹತ್ತು ಮಾರು ದೂರದಲ್ಲೇ ನಿಂತು ನೋಡುತ್ತದೆ, ನಾನು ಹತ್ತಿರ ಹೋದರೆ ಸರಿದುಕೊಳ್ಳುತ್ತದೆ. ಓಡಲೆಂದೇ ಹುಟ್ಟಿದ ಪ್ರಾಣಿಯನ್ನು ಜೀವನವಿಡೀ ಕಟ್ಟಿ ಸಾಕಲು ಮನಸ್ಸಿಲ್ಲ. ದಯವಿಟ್ಟು ದಾರಿ ತಿಳಿಸಿ.

ಉತ್ತರ 1 (ಬಾಗಲಕೋಟೆಯಿಂದ)

ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ನೀವು ಕೊಟ್ಟ ಏಟು ಬಿಜಲಿಯ ಪಾಲಿಗೆ ಓಡಿಹೋದದ್ದಕ್ಕಲ್ಲ, ಮರಳಿ ಬಂದದ್ದಕ್ಕೆ ಸಿಕ್ಕ ಶಿಕ್ಷೆ. ಏಕೆಂದರೆ ಏಟು ಬಿದ್ದ ಗಳಿಗೆಯಲ್ಲಿ ಅದು ಮಾಡುತ್ತಿದ್ದುದು ನಿಮ್ಮ ಬಳಿ ಬರುವ ಕೆಲಸವನ್ನೇ. ‘ಬಾ’ ಎಂಬ ಮಾತು ಈಗ ಅದಕ್ಕೆ ಹೊಡೆತದ, ಹಗ್ಗದ, ಆಟ ಮುಗಿಯುವುದರ ಸೂಚನೆಯಾಗಿದೆ. ಆದ್ದರಿಂದ ಆ ಮಾತನ್ನು ಬಿಟ್ಟು ಹೊಸದೊಂದು ಸದ್ದನ್ನು, ಸಾಧ್ಯವಾದರೆ ಬಯಲಿನಲ್ಲಿ ದೂರಕ್ಕೆ ಕೇಳುವ ಸೀಟಿಯನ್ನು, ಆರಿಸಿಕೊಳ್ಳಿ.

ಮೊದಲ ವಾರ ಮನೆಯೊಳಗೆ, ನಾಯಿ ಎರಡು ಹೆಜ್ಜೆ ದೂರದಲ್ಲಿರುವಾಗ ಸೀಟಿ ಊದಿ, ಒಡನೆಯೇ ಬೇಯಿಸಿದ ಕೋಳಿಯ ಲಿವರ್‌ನ ಸಣ್ಣ ತುಂಡು ಕೊಡಿ. ಈ ತಿನಿಸು ಬೇರೆ ಯಾವ ಹೊತ್ತಿನಲ್ಲೂ ಸಿಗಬಾರದು. ಬಳಿಕ ಅಂಗಳ, ಆಮೇಲೆ ಬಯಲು. ಬಯಲಿನಲ್ಲಿ ಸುಮಾರು 10 ಮೀಟರ್ ಉದ್ದದ ಹಗ್ಗವನ್ನು ಕೊರಳಪಟ್ಟಿಗಲ್ಲದೆ ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿರಿ. ಓಟದ ರಭಸದಲ್ಲಿ ಹಗ್ಗ ಬಿಗಿದರೆ ಇಂತಹ ನೀಳ ಕೊರಳಿಗೆ ಪೆಟ್ಟಾದೀತು. ಒಂದು ತಿರುಗಾಟದಲ್ಲಿ ಹತ್ತು ಸಲ ಕರೆದರೆ ಒಂಬತ್ತು ಸಲ ತಿನಿಸು ಕೊಟ್ಟು ಮತ್ತೆ ಆಡಲು ಬಿಡಿ, ಒಮ್ಮೆ ಮಾತ್ರ ಮನೆಗೆ ಕರೆದೊಯ್ಯಿರಿ. ಬರುವುದು ಅನುಮಾನವೆನಿಸಿದಾಗ ಕರೆಯಲೇಬೇಡಿ: ಉತ್ತರ ಸಿಗದ ಪ್ರತಿಯೊಂದು ಕರೆಯೂ ಸೀಟಿಯ ಬೆಲೆಯನ್ನು ತಗ್ಗಿಸುತ್ತದೆ. ತಪ್ಪಿಸಿಕೊಂಡರೆ ಬೆನ್ನಟ್ಟದೆ, ಎದುರು ದಿಕ್ಕಿಗೆ ನೀವೇ ಓಡಿ. ಬೆನ್ನಟ್ಟಿದರೆ ಅದು ಆಟವೆಂದೇ ತಿಳಿಯುತ್ತದೆ.

ಉತ್ತರ 2 (ಮುಧೋಳ ತಾಲ್ಲೂಕಿನಿಂದ)

ಮೇಲಿನ ಮಾತುಗಳನ್ನು ಒಪ್ಪುತ್ತಲೇ ತಳಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮುಧೋಳ ನಾಯಿ ಮೂಸಿ ಹುಡುಕುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ಪ್ರಾಣಿ. ಓಟ ಶುರುವಾದ ಮೇಲೆ ಅದಕ್ಕೆ ನಮ್ಮ ದನಿ ಮುಟ್ಟುವುದೇ ಕಷ್ಟ. ಕರೆಯಬೇಕಾದದ್ದು ಅದಕ್ಕೂ ಮುಂಚಿನ ಒಂದೆರಡು ಕ್ಷಣಗಳಲ್ಲಿ, ಅಂದರೆ ಕಿವಿ ನಿಮಿರಿ, ಕತ್ತು ನೀಳವಾಗಿ, ಮೈ ಬಿಗಿದು ನಿಂತಾಗ. ಆ ಕ್ಷಣವನ್ನು ಗುರುತಿಸಲು ಮಾಲೀಕರು ಕೈಯಲ್ಲಿರುವ ಫೋನನ್ನು ಬಿಟ್ಟು ನಾಯಿಯನ್ನೇ ನೋಡುತ್ತಿರಬೇಕು.

ಈ ತಳಿಗೆ ಕಲಿಸಲಾಗದು ಎಂಬ ಮಾತನ್ನು ನಂಬಬೇಡಿ. ನಮ್ಮ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ 2016ರಲ್ಲಿ ಮರಿಗಳನ್ನು ಸೇನೆಯು ತರಬೇತಿಗಾಗಿ ಮೀರತ್‌ಗೆ ಕರೆದೊಯ್ದಿತ್ತು. ಹಾಗೆಂದು ಕುರಿಹಿಂಡು ಅಥವಾ ಹೆದ್ದಾರಿಯ ಸಮೀಪದಲ್ಲಿ, ಎಷ್ಟೇ ಪಳಗಿದ್ದರೂ, ಹಗ್ಗ ಬಿಚ್ಚಕೂಡದು. ಮೊಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಸುತ್ತ ಗೋಡೆಯಿರುವ ತೋಟವೋ ಬೇಲಿ ಹಾಕಿದ ಮೈದಾನವೋ ಸಿಕ್ಕರೆ ಅಲ್ಲಿ ಮನದಣಿಯೆ ಓಡಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹೊಡೆದದ್ದಕ್ಕೆ ನಿಜಕ್ಕೂ ನೋವಾಗುತ್ತಿದೆ. ನಾಳೆಯೇ ಸೀಟಿ ತರುತ್ತೇನೆ. ಈಗಿನಂತೆ ದೂರ ಸರಿದು ನಿಂತಾಗ ಏನು ಮಾಡಲಿ?

ಉತ್ತರ 1

ಮುಖ ತಿರುಗಿಸಿ ನೆಲದ ಮೇಲೆ ಕುಳಿತುಬಿಡಿ; ತಿನಿಸನ್ನು ಪಕ್ಕದಲ್ಲಿಟ್ಟು ಸುಮ್ಮನಿರಿ. ಅದಾಗಿಯೇ ಬಂದಾಗ ಕೊರಳಪಟ್ಟಿಗೆ ಕೈ ಹಾಕದೆ ತಿನ್ನಲು ಬಿಡಿ. ಕೆಲವು ದಿನಗಳ ನಂತರ ಪಟ್ಟಿಯನ್ನು ಮುಟ್ಟಿ, ತಿನಿಸು ಕೊಟ್ಟು, ಕೈಬಿಡುವುದನ್ನು ರೂಢಿಸಿ. ಅಲ್ಲಿಯವರೆಗೆ ಪಟ್ಟಿಯ ಮೇಲೆ ನಿಮ್ಮ ದೂರವಾಣಿ ಸಂಖ್ಯೆ ಇರಲಿ, ರೇಬಿಸ್ ಲಸಿಕೆಯ ದಿನಾಂಕವನ್ನೂ ಒಮ್ಮೆ ನೋಡಿಕೊಳ್ಳಿ.