ಪದ ಬೇಕು (ತುರ್ತು): ದಾನಿಯೇಲನ "ಎಪ್ಪತ್ತು ವಾರ"ದಲ್ಲಿ ವಾರದ ಬದಲು ಏನು?

ಲ., ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಸಂಜೆ ಆರರೊಳಗೆ ಒಂದು ಪದ ಬೇಕಾಗಿದೆ.

ಭಾನುವಾರ ನಮ್ಮ ಸಭೆಯಲ್ಲಿ ಬೈಬಲಿನ ದಾನಿಯೇಲ 9ನೇ ಅಧ್ಯಾಯದ ಪಾಠ ಇದೆ. ಗೋಡೆಗೆ ಹತ್ತಡಿ ಉದ್ದದ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ಎಡತುದಿಗೆ ಕ್ರಿ.ಪೂ. 586, ಬಾಬೆಲಿನವರು ಯೆರೂಸಲೇಮನ್ನು ಹಾಳುಗೆಡವಿದ್ದು. ಬಲತುದಿಗೆ ಕ್ರಿ.ಶ. 70, ರೋಮಿನವರು ಎರಡನೇ ದೇವಾಲಯ ಸುಟ್ಟಿದ್ದು. ನಡುವೆ ಅಡ್ಡಲಾಗಿ "ಎಪ್ಪತ್ತು ವಾರಗಳು" ಎಂದು ಒಂದು ಕೆಂಪು ಪಟ್ಟಿ. ಅದನ್ನು ಏಳು, ಅರವತ್ತೆರಡು, ಒಂದು ಎಂದು ಮೂರು ತುಂಡು ಮಾಡಿದ್ದೇವೆ.

ತೊಂದರೆ ಏನೆಂದರೆ, ಇದು ಏಳು ದಿನದ ವಾರ ಅಲ್ಲ, ಏಳು ವರ್ಷದ್ದು. ಒಟ್ಟು 490 ವರ್ಷ. ಪ್ರೂಫ್ ನೋಡಿದ ನಮ್ಮ ಸೋದರತ್ತೆ ಮಗ ಪೆನ್ಸಿಲಿನಲ್ಲಿ "490 ದಿನ = 1 ವರ್ಷ 4 ತಿಂಗಳು. ಲೆಕ್ಕ ತಪ್ಪಿದೆ" ಎಂದು ಗೀಚಿ ವಾಪಸ್ ಕೊಟ್ಟ. ವಾರ ತೆಗೆದು ಏಳು ಎಂದೇ ಹಾಕೋಣ ಎಂದರೆ "ಎಪ್ಪತ್ತು ಏಳು" ಆಗುತ್ತದೆ. ನಮ್ಮನೆಯವರು ಅದನ್ನು ಎಪ್ಪತ್ತೇಳು ಎಂದು ಓದಿಯೂ ಬಿಟ್ಟರು.

ಇನ್ನೊಂದು ವಿಷಯ. ನಮ್ಮ ಸಭೆಯಲ್ಲೇ ಎರಡು ಗುಂಪಿದೆ. ಕೊನೆಯ ವಾರ ಕ್ರಿ.ಪೂ. ಎರಡನೇ ಶತಮಾನದ ಗ್ರೀಕ್ ಅರಸ ಅಂತಿಯೋಕನ ಕಾಲದಲ್ಲೇ ಮುಗಿಯಿತು ಎನ್ನುವವರು ಕೆಲವರು. ಇಲ್ಲ, ಅದು ಇನ್ನೂ ಬರಬೇಕು, ಕಡೇ ದಿನಗಳ ಏಳು ವರ್ಷ ಅದೇ ಎನ್ನುವವರು ಜಾಸ್ತಿ. ಪದ ಇಬ್ಬರಿಗೂ ಒಪ್ಪಿಗೆ ಆಗಬೇಕು. ಪಟ್ಟಿಯಲ್ಲಿ ಜಾಗ ಕಡಿಮೆ.

ಶ್ರೀ., ಮೈಸೂರು:

ಸಪ್ತಾಹ. ಮುಗಿಯಿತಲ್ಲ.

ನಾ., ಧಾರವಾಡ:

ಎಲ್ಲಿ ಮುಗಿಯಿತು ರಾಯರೇ? ಸಪ್ತ ಸರಿ, ಅಹ ಅಂದರೆ ಏನು? ದಿನ. ವಾರದಲ್ಲಿ ದಿನ ಒಳಗೆಲ್ಲೋ ಅಡಗಿ ಕೂತಿದೆ. ಸಪ್ತಾಹದಲ್ಲಿ ಬಾಗಿಲಲ್ಲೇ ನಿಂತಿದೆ. ಭಾಗವತ ಸಪ್ತಾಹ ಏಳು ವರ್ಷ ನಡೆದರೆ ಅಡುಗೆಯವರು ಪಾತ್ರೆ ಬಿಟ್ಟು ಓಡುತ್ತಾರೆ.

ಲ. ಅವರೇ, ವಾರವನ್ನೇ ಇಟ್ಟುಕೊಳ್ಳಿ. ವಾರದ ಮೊದಲ ಅರ್ಥ ಸರದಿ, ಪಾಳಿ. ವಾರಂವಾರ ಅನ್ನುವುದಿಲ್ಲವೇ? ನಮ್ಮಜ್ಜ ವಾರಾನ್ನ ಉಂಡು ಓದಿದವರು. ಸೋಮವಾರ ವಕೀಲರ ಮನೆ, ಮಂಗಳವಾರ ಪೋಸ್ಟ್ ಮಾಸ್ತರರ ಮನೆ. ಗುರುವಾರದ ಮನೆಯಲ್ಲಿ ಮಾತ್ರ ತುಪ್ಪ ಬೀಳುತ್ತಿತ್ತಂತೆ. ಕೊನೇವರೆಗೂ ಅವರಿಗೆ ವಾರ ಅಂದರೆ ಮನೆ, ಏಳು ದಿನ ಅಲ್ಲ. ಇನ್ನು ರೈತರು ಹೊಲ ವಾರಕ್ಕೆ ಹಾಕುವುದು ಬೇರೆಯೇ ವಾರ, ಅದು ಪೈರಿನ ಪಾಲು. ಏಳಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇಷ್ಟೆಲ್ಲ ಹೊರುವ ಪದ ಇನ್ನೊಂದು ಅರ್ಥ ಹೊರಲಾರದೇ?

ಕೆ., ಬೆಂಗಳೂರು:

ವಾರ ನಮ್ಮದಲ್ಲ. ಸಪ್ತಾಹವಂತೂ ಅಲ್ಲವೇ ಅಲ್ಲ. ಎರಡೂ ಸಂಸ್ಕ್ರುತ. ಕನ್ನಡದಲ್ಲಿ ಪದ ಕಟ್ಟಲು ಬಾರದವರು ಮಾತ್ರ ಹೀಗೆ ಸಾಲಕ್ಕೆ ಹೋಗುತ್ತಾರೆ. "ಏಳ್ಬರಿಸ" ಎನ್ನಿ. ಎಪ್ಪತ್ತು ಏಳ್ಬರಿಸ. ಗೊಂದಲ ಇಲ್ಲ, ಜಾಗವೂ ಉಳಿಯುತ್ತದೆ.

ಇನ್ನೊಂದು ಗುಟ್ಟು ಹೇಳುತ್ತೇನೆ. ಎಣಿಕೆಯ ಏಳು ಮತ್ತು ಮಲಗಿದವನು ಏಳು ಎಂಬ ಏಳು, ಎರಡೂ ಒಂದೇ ಬೇರು. ಆರು ದಿನ ಬಗ್ಗಿ ದುಡಿದು ಏಳನೇ ದಿನ ಮೇಲೇಳುವುದು. ಈ ತಿಳಿವು ನಮ್ಮ ಬಾಶೆಯಲ್ಲೇ ಇದೆ. ಹೀಬ್ರೂವಿನವರನ್ನು ಕೇಳಬೇಕಾಗಿಲ್ಲ.

ನಾ., ಧಾರವಾಡ:

ಬರಿಸ ಯಾವುದರ ತದ್ಭವ ಸ್ವಾಮಿ? ವರ್ಷದ್ದು. ಅಂಗಿ ಬಿಚ್ಚಿಸಿ ಪಂಚೆ ಉಡಿಸಿದ ಕೂಡಲೇ ನೆಂಟ ಮನೆಮಗ ಆಗುತ್ತಾನೇನು?

ನಿಮ್ಮ ಗುಟ್ಟಿನ ವಿಚಾರ. ಎಣಿಕೆಯ ಏಳು ದೀರ್ಘ. ಮೇಲೇಳುವುದು ಮೂಲದಲ್ಲಿ ಹ್ರಸ್ವ: ಎದ್ದ, ಎಬ್ಬಿಸು. ತಮಿಳಿನಲ್ಲಿ ಇವತ್ತಿಗೂ ಎರಡೂ ಬೇರೆ ಬೇರೆ. ಹೀಬ್ರೂವಿನವರ ಏಳನೇ ದಿನದ ಹೆಸರು ಸಬ್ಬತ್; ಹಾಗಂದರೆ ಕೆಲಸ ನಿಲ್ಲಿಸುವುದು, ಏಳುವುದಲ್ಲ. ಮುಂದಕ್ಕೆ ಹೋಗೋಣ.

ಕೆ., ಬೆಂಗಳೂರು:

ಎಪ್ಪತ್ತರಲ್ಲಿ ಏಳು ಹ್ರಸ್ವ ಆಗಿಲ್ವಾ? ಅದಕ್ಕೆ ಉತ್ತರ ಕೊಟ್ಟು ಮುಂದಕ್ಕೆ ಹೋಗಿ.

ಜೆ., ಶಾರ್ಜಾ:

"ವರ್ಷವಾರ" ಹೇಗೆ? ವರ್ಷಗಳ ವಾರ. ಚಿಕ್ಕದಾಗಿದೆ.

ಶ್ರೀ., ಮೈಸೂರು:

ವರ್ಷವಾರು, ಜಿಲ್ಲಾವಾರು, ತಾಲ್ಲೂಕುವಾರು. ಭಾನುವಾರ ನಿಮ್ಮ ಸಭೆಯವರು ಮಳೆ ಬೆಳೆ ಅಂಕಿಅಂಶ ಎಂದುಕೊಂಡು ಎದ್ದುಹೋಗುತ್ತಾರೆ.

ಎ., ಮಂಗಳೂರು (ಕೆಲವರು ನನ್ನನ್ನು ಇಲ್ಲಿ ಫಾದರ್ ಎಂದು ಕರೆಯುತ್ತಾರೆ):

ಬೆಳಗಿನ ಪೂಜೆ ಮುಗಿಸಿ ಈಗ ನೋಡಿದೆ. ಲ. ಅಮ್ಮಾ, ಮೂಲದಲ್ಲಿ ಏನಿದೆ ಎಂದು ಮೊದಲು ನೋಡಿಬಿಡೋಣ.

ಹೀಬ್ರೂ ಪದ ಶಾವೂಅ. ಏಳು ಎಂಬುದಕ್ಕೆ ಶೆವಾ, ಅದರ ಹತ್ತಿರದ ನೆಂಟ ಇದು. ಏಳರ ಕಟ್ಟು ಎನ್ನಬಹುದು. ಮಾಮೂಲಿಯಾಗಿ ಏಳು ದಿನವೇ. ಆದಿಕಾಂಡ 29ರಲ್ಲಿ ಲಾಬಾನ ಯಾಕೋಬನಿಗೆ ಮೊದಲು ಲೇಯಳ ವಾರ ಪೂರೈಸು ಎನ್ನುತ್ತಾನೆ. ಅದು ಮದುವೆಯ ಏಳು ದಿನ. ಆದರೆ ದಾನಿಯೇಲ 10:2 ತೆಗೆದು ನೋಡಿ. ಅವನು ಮೂರು ವಾರ ಶೋಕದಲ್ಲಿದ್ದ ಎಂದಿದೆ, ಅಲ್ಲಿ ಹೀಬ್ರೂವಿನಲ್ಲಿ "ವಾರ"ದ ಪಕ್ಕ "ದಿನಗಳು" ಎಂಬ ಪದವನ್ನೂ ಸೇರಿಸಿದ್ದಾರೆ. ಹಿಂದಿನ ಅಧ್ಯಾಯದ ವಾರ ಬೇರೆ, ಇದು ಬೇರೆ ಎಂದು ಓದುವವರಿಗೆ ಕೈ ತೋರಿಸಿದ ಹಾಗಿದೆ.

ವರ್ಷದ ವಾರ ಯಹೂದ್ಯರ ಬಾಯಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಆರು ವರ್ಷ ಬಿತ್ತು, ಏಳನೇ ವರ್ಷ ನೆಲ ಬೀಳುಬಿಡು ಎಂದು ಯಾಜಕಕಾಂಡ 25 ಹೇಳುತ್ತದೆ. ಅಂಥ ಏಳು ಸುತ್ತು ಮುಗಿದರೆ ಐವತ್ತನೇದು ಜೂಬಿಲಿ. ಹಾಗಾಗಿ ಲೆಕ್ಕವೇ ಏಳರಲ್ಲಿ. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿದ, ಯಹೂದ್ಯರ ಕಟ್ಟಳೆಗಳ ಗ್ರಂಥವಾದ ಮಿಶ್ನಾದಲ್ಲಿ ಕೊಲೆ ಮೊಕದ್ದಮೆಯ ಸಾಕ್ಷಿಗೆ ಏಳು ಪ್ರಶ್ನೆ ಕೇಳಬೇಕೆಂದಿದೆ. ಯಾವ ಶಾವೂಅ? ಯಾವ ವರ್ಷ? ಯಾವ ತಿಂಗಳು? ಎಷ್ಟನೇ ತಾರೀಖು? ಯಾವ ದಿನ? ಯಾವ ಗಂಟೆ? ಯಾವ ಜಾಗ? ವರ್ಷಕ್ಕಿಂತ ಮೊದಲು ಕೇಳುವ ವಾರ ಏಳು ದಿನದ್ದು ಹೇಗಾದೀತು? ನಮ್ಮ ಹಳಬರು "ಪ್ರಭವ ಸಂವತ್ಸರದಲ್ಲಿ ಹುಟ್ಟಿದ್ದು" ಎನ್ನುತ್ತಿರಲಿಲ್ಲವೇ, ಹಾಗೆ.

ಈಗ ನಿಜವಾದ ಮಜಾ. ದಾನಿಯೇಲ 9:24ರ ಮೊದಲ ಎರಡು ಪದ, "ವಾರಗಳು" ಮತ್ತು "ಎಪ್ಪತ್ತು". ಸ್ವರಚಿಹ್ನೆ ತೆಗೆದರೆ ಎರಡರಲ್ಲೂ ಅವೇ ಐದು ಅಕ್ಷರ: ಶೀನ್, ಬೇತ್, ಅಯಿನ್, ಯೋದ್, ಮೇಮ್. ಒಂದೇ ಪದವನ್ನು ಎರಡು ಸಲ ಬರೆದ ಹಾಗೆ ಕಾಣುತ್ತದೆ. ಯೆರೂಸಲೇಮು ಹಾಳುಬಿದ್ದಿರುವ ಕಾಲ ಎಂದು ಪ್ರವಾದಿ ಯೆರೆಮೀಯ ಹೇಳಿದ್ದು ಎಪ್ಪತ್ತು ವರ್ಷ. ದಾನಿಯೇಲ ಅದನ್ನು ಓದಿ ಪ್ರಾರ್ಥಿಸುತ್ತಾನೆ. ದೇವದೂತ ಗಬ್ರಿಯೇಲ ಬಂದು ಆ ಎಪ್ಪತ್ತನ್ನೇ ಎರಡು ಸಲ ಓದಿದಂತೆ, ಎಪ್ಪತ್ತು ಏಳು ಎನ್ನುತ್ತಾನೆ. ನಮ್ಮ ಎಪ್ಪತ್ತರ ಒಳಗೂ ಏಳು ಕೂತಿದೆ, ನೋಡಿ. ನಿಮ್ಮ ಮನೆಯವರು ಎಪ್ಪತ್ತೇಳು ಎಂದು ಓದಿದ್ದಕ್ಕೆ ಬೈಯಬೇಡಿ. ಮತ್ತಾಯ 18:22ರ ಗ್ರೀಕನ್ನು ಕೆಲವರು ಎಪ್ಪತ್ತೇಳು ಸಲ ಎಂದೂ ಕೆಲವರು ಎಪ್ಪತ್ತರ ಏಳರಷ್ಟು ಎಂದೂ ಇವತ್ತಿಗೂ ಅನುವಾದಿಸುತ್ತಾರೆ.

ನನ್ನ ಸಲಹೆ: ಸಪ್ತಕ. ಹತ್ತು ವರ್ಷಕ್ಕೆ ದಶಕ ಇದ್ದ ಮೇಲೆ ಏಳಕ್ಕೆ ಸಪ್ತಕ ಯಾಕಾಗಬಾರದು?

ಶ್ರೀ., ಮೈಸೂರು:

ಸಪ್ತಕ ಸಂಗೀತದವರದು ಫಾದರ್. ಮಂದ್ರ, ಮಧ್ಯ, ತಾರ, ಮೂರಕ್ಕೇ ನಮಗೆ ಗಂಟಲು ಕಟ್ಟುತ್ತದೆ. ಎಪ್ಪತ್ತು ಸಪ್ತಕ ಗಬ್ರಿಯೇಲನ ಕೈಲೂ ಆಗದು.

ಜೆ., ಶಾರ್ಜಾ:

ಹಾಗಾದರೆ ಸಬ್ಬತ್, ಆಮೆನ್ ಇದ್ದ ಹಾಗೆ ಶಾವೂಅವನ್ನೇ ಇಟ್ಟುಬಿಡಿ. "ಎಪ್ಪತ್ತು ಶಾವೂಅ".

ಇನ್ನೊಂದು, ಏಳ್ಬರಿಸದಲ್ಲಿ ಬರಿಸ ಯಾವ ಬರಿಸ? ಕೊನೇ ವಾರ ಬಾಕಿ ಇದೆ ಎನ್ನುವವರಲ್ಲಿ ಕೆಲವರು ವರ್ಷಕ್ಕೆ 360 ದಿನ ಹಿಡಿಯುತ್ತಾರೆ. 69 ವಾರ ಅಂದರೆ 483 ವರ್ಷ, 1,73,880 ದಿನ. ಪರ್ಷಿಯದ ಅರ್ತಷಸ್ತ ರಾಜನ ಕ್ರಿ.ಪೂ. 457ರ ಅಪ್ಪಣೆಯಿಂದ ಎಣಿಸುವವರು ಮಾಮೂಲಿ ವರ್ಷ ಹಿಡಿದು ಕ್ರಿ.ಶ. 27ಕ್ಕೆ ಬರುತ್ತಾರೆ. ನಡುವೆ ಸೊನ್ನೆ ವರ್ಷ ಇಲ್ಲ ಎಂಬುದನ್ನು ಮರೆಯಬೇಡಿ. ಅಂತಿಯೋಕನ ಕಡೆಯವರದು ಬೇರೆ ಕಷ್ಟ. ಕ್ರಿ.ಪೂ. 167ರಲ್ಲಿ ಅವನು ದೇವಾಲಯದಲ್ಲಿ ಬಲಿ ನಿಲ್ಲಿಸಿದ್ದು, 164ರಲ್ಲಿ ಅವನ ವಿರುದ್ಧ ದಂಗೆಯೆದ್ದ ಯಹೂದ್ಯರಾದ ಮಕ್ಕಬಿಯರು ಮತ್ತೆ ಶುದ್ಧಮಾಡಿದ್ದು, ಅಧ್ಯಾಯದಲ್ಲಿ ಹೇಳಿರುವ ಬಲಿ ನಿಲ್ಲುವ ಅರ್ಧ ವಾರಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಆದರೆ 586ರಿಂದ 164ಕ್ಕೆ 422 ವರ್ಷ ತಾನೇ? ಮಧ್ಯಯುಗದ ರಾಶಿ ಎಂಬವರಂಥ ಯಹೂದಿ ಪಂಡಿತರು ಸೆರೆಯ 70, ಎರಡನೇ ದೇವಾಲಯದ 420 ಎಂದು ಕೂಡಿಸಿ 490 ಮಾಡಿಕೊಂಡರು. ಅಮೆರಿಕದ ಬೋಧಕ ಮಿಲ್ಲರ್ ಅದೇ 457ರಿಂದ 8ನೇ ಅಧ್ಯಾಯದ 2300 ದಿನಗಳನ್ನು ವರ್ಷವೆಂದು ಎಣಿಸಿದ. ಅವನ ಕಡೆಯವರು ಯೇಸು ಮರಳಿ ಬರುತ್ತಾನೆಂದು 1844ರ ಅಕ್ಟೋಬರ್ 22ರ ರಾತ್ರಿಯಿಡೀ ಆಕಾಶ ನೋಡುತ್ತಾ ಕೂತರು. ಬೆಳಗಾಯಿತು.

ನಿರ್ವಾಹಕರು:

ಇಲ್ಲಿ ಪದದ ಚರ್ಚೆ ಮಾತ್ರ. ಲೋಕ ಯಾವಾಗ ಮುಗಿಯುತ್ತದೆ ಎಂಬುದನ್ನು ಖಾಸಗಿಯಾಗಿ ಬರೆದುಕೊಳ್ಳಿ.

ಕೆ., ಬೆಂಗಳೂರು:

ಸಂಸ್ಕ್ರುತ ಮುಗಿಯಿತು, ಈಗ ಹೀಬ್ರೂ. ಶಾವೂಅ ಅಂತೆ. ಉಚ್ಚರಿಸಿದರೆ ಸೀನು ಬರುತ್ತದೆ. ಯಾವ ಇಸವಿಯಿಂದ ಹೇಳುತ್ತಿದ್ದೇನೆ, ನಮ್ಮ ಪದ ನಾವೇ ಕಟ್ಟಬೇಕು ಎಂದು.

ನಾ., ಧಾರವಾಡ:

ಇಸವಿ ಅರಬ್ಬಿ ಪದ. ಈಸಾ ಅಂದರೆ ಯೇಸು, ಈಸವೀ ಅಂದರೆ ಯೇಸುವಿನದು. ತಮ್ಮ ಸಿಟ್ಟಿನ ಮಧ್ಯೆ ಬೇತ್ಲೆಹೇಮಿಗೆ ಹೋಗಿ ಬಂದಿದ್ದೀರಿ.

ಕೆ., ಬೆಂಗಳೂರು:

ಎಪ್ಪತ್ತರ ಹ್ರಸ್ವಕ್ಕೆ ಇನ್ನೂ ಉತ್ತರ ಬಂದಿಲ್ಲ.

ಎ., ಮಂಗಳೂರು:

ಮಕ್ಕಳೇ, ಅಮ್ಮನಿಗೆ ಆರು ಗಂಟೆಗೆ ಪದ ಬೇಕು. ಸಪ್ತಕ ಬೇಡವಾದರೆ ಪದಗಳ ಜಾಗ ಅದಲುಬದಲು ಮಾಡಿ: "ಏಳರ ಎಪ್ಪತ್ತು ಕಟ್ಟು". ಆಗ ಯಾರೂ ಎಪ್ಪತ್ತೇಳು ಎಂದು ಓದಲಾರರು.

ಶ್ರೀ., ಮೈಸೂರು:

ಸೌದೆ ಕಟ್ಟು. ಸೊಪ್ಪಿನ ಕಟ್ಟು.

ಲ., ಬಳ್ಳಾರಿ:

ಎಲ್ಲರಿಗೂ ವಂದನೆ. ಫಾದರ್, ಶೀನ್-ಬೇತ್ ವಿಷಯ ಓದಿ ಮೈ ಜುಮ್ ಎಂದಿತು. ಅದನ್ನು ಪಾಠದಲ್ಲಿ ಹಲಗೆಯ ಮೇಲೆ ಬರೆದೇ ತೋರಿಸುತ್ತೇನೆ.

ಕೊನೆಗೆ ವಾರವನ್ನೇ ಉಳಿಸಿಕೊಂಡೆ. ಹಳೇ ಅನುವಾದ ಬಾಯಿಪಾಠ ಇರುವ ಹಿರಿಯರು ಬೇರೆ ಪದ ಕಂಡರೆ ಪಾಠ ಬಿಟ್ಟು ಅದನ್ನೇ ಕೇಳುತ್ತಾರೆ. ಭೂಪಟದ ಮೂಲೆಯಲ್ಲಿ "1 ಸೆಂ.ಮೀ. = ಇಷ್ಟು ಕಿ.ಮೀ." ಎಂದು ಇರುತ್ತದಲ್ಲ, ಹಾಗೆ ಕೆಳಗೆ ಚಿಕ್ಕ ಚೌಕದಲ್ಲಿ "1 ವಾರ = 7 ವರ್ಷ" ಎಂದು ಹಾಕಿದೆ. ಸೋದರತ್ತೆ ಮಗನೂ ಒಪ್ಪಿದ. ಪಟ್ಟಿಯ ಎರಡೂ ತುದಿಗೆ ಇಸವಿ ಹಾಕಲಿಲ್ಲ. ಜೆ. ಅವರ ಲೆಕ್ಕ ನೋಡಿದ ಮೇಲೆ ಧೈರ್ಯ ಸಾಲಲಿಲ್ಲ. ಐದೂಮುಕ್ಕಾಲಿಗೆ ಫೈಲ್ ಕಳಿಸಿದೆ.

ಲ., ಬಳ್ಳಾರಿ (ಮತ್ತೆ):

ಈಗಷ್ಟೇ ಫ್ಲೆಕ್ಸ್ ಅಂಗಡಿ ಹುಡುಗ ಫೋನ್ ಮಾಡಿದ್ದ. "ಮೇಡಂ, ಕೆಳಗಡೆ ಒಂದು ವಾರಕ್ಕೆ ಏಳು ವರ್ಷ ಅಂತ ಬಿದ್ದಿತ್ತು. ಏಳು ದಿನ ಅಂತ ನಾನೇ ಸರಿ ಮಾಡಿ ಪ್ರಿಂಟಿಗೆ ಹಾಕಿದ್ದೀನಿ, ಓಕೆನಾ?" ಆಟೋ ಹಿಡಿದು ಓಡುತ್ತಿದ್ದೇನೆ.

ಕೆ., ಬೆಂಗಳೂರು:

ಏಳ್ಬರಿಸ ಎಂದಿದ್ದರೆ ಆಟೋ ಕಾಸು ಉಳಿಯುತ್ತಿತ್ತು.