ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನೇ ಇಷ್ಟ, ಎಲ್ಲರೂ ಓಪನ್ ತಗೋ ಅಂತಾರೆ. ನಮ್ಮ ಕಡೆ ಮನೆಗಳಿಗೆ ಯಾವುದು ಸರಿ?

ಕಾಳಿದಂಡೆ, ಕಾರವಾರ:

ಎಲ್ಲರಿಗೂ ನಮಸ್ಕಾರ. ಹೆಡ್‌ಫೋನ್ ತಗೊಳ್ಳೋ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ನಾನು ಕೇಳೋದು ಜಾಸ್ತಿ ತಾಳಮದ್ದಳೆ, ಯಕ್ಷಗಾನದ ಹಳೇ ರೆಕಾರ್ಡಿಂಗ್, ಹಿಂದೂಸ್ತಾನಿ ಗಾಯನ. ರಾತ್ರಿ ಊಟ ಆದ ಮೇಲೆ ಕೂತು ಕೇಳ್ತೇನೆ. ತಂತಿ ಇರೋದೇ ಬೇಕು, ಬ್ಲೂಟೂತ್ ಬೇಡ. ಯಾರನ್ನು ಕೇಳಿದರೂ ಒಂದೇ ಉತ್ತರ: ಮನೆಯಲ್ಲಿ ಕೇಳೋದಾದರೆ ಓಪನ್ ಬ್ಯಾಕ್ (ಕಪ್ಪಿನ ಹಿಂಬದಿ ಜಾಲರಿಯ ಹಾಗೆ ತೆರೆದಿರೋದು) ತಗೊಳ್ಳಿ, ಹಿಂಬದಿ ಮುಚ್ಚಿರೋ ಕ್ಲೋಸ್ಡ್ ಏನಿದ್ದರೂ ಬಸ್ಸಿಗೆ, ಆಫೀಸಿಗೆ.

ಬೆಂಗಳೂರಿನಲ್ಲಿ ತಮ್ಮನ ರೂಮಲ್ಲಿ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕೇಳಿದ್ದೇನೆ. ಸೆನ್‌ಹೈಸರ್ ಎಚ್‌ಡಿ 600 (ಓಪನ್) ಮತ್ತು ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ (ಕ್ಲೋಸ್ಡ್). 600 ಚೆನ್ನಾಗಿದೆ, ಇಲ್ಲ ಅನ್ನಲ್ಲ. ಗಾಯಕರ ದನಿ ಅದರಲ್ಲಿ ತುಂಬಾ ಸಹಜವಾಗಿ ಬರುತ್ತದೆ. ಆದರೆ 770 ಹಾಕಿಕೊಂಡಾಗ ತಬಲಾದವರು ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುವ ಗುಂಯ್ ಅನ್ನೋ ನಾದ ಇದೆಯಲ್ಲ, ಅದು ಎಲ್ಲಿ ಹುಟ್ಟಿ ಎಲ್ಲಿ ಸತ್ತಿತು ಅಂತ ಪೂರ್ತಿ ಕೇಳಿಸಿತು. ಹಿಂದಿನ ತಾನಪುರವೂ ಹಾಗೇ. ಸುತ್ತಲಿನ ಗದ್ದಲ ಹೋಗಿ ಹಾಡು ಮಾತ್ರ ಉಳಿದ ಹಾಗಾಯಿತು. ನನಗೆ ಅದೇ ಇಷ್ಟ.

ಇನ್ನು ನಮ್ಮ ಮನೆ ಹೆದ್ದಾರಿ 66ಕ್ಕೆ ಹತ್ತಿರ, ಲಾರಿ ನಿಲ್ಲೋದೇ ಇಲ್ಲ. ಅಂಗಳಕ್ಕೆ ತಗಡಿನ ಮಾಡು ಹಾಕಿಸಿದ್ದೇವೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ. ಅದೇ ಕೋಣೆಯಲ್ಲಿ ಮಗಳು ಓದ್ತಾಳೆ. ಇಷ್ಟೆಲ್ಲ ಹೇಳಿದರೂ ತಮ್ಮ ಮಾತ್ರ "ಅಣ್ಣ, ಕ್ಲೋಸ್ಡ್ ಅಂದ್ರೆ ರಾಜಿ ಮಾಡ್ಕೊಂಡ ಹಾಗೆ" ಅಂತಾನೆ. ಅದು ನಿಜವಾ? ಕ್ಲೋಸ್ಡ್ ಇಷ್ಟಪಡೋದು ಕಿವಿ ಪಳಗದವರ ಲಕ್ಷಣವಾ? ಬಲ್ಲವರು ಹೇಳಿ.

ಬಿಡ್ತಿಗೆ, ಶಿರಸಿ:

ಖಂಡಿತ ಅಲ್ಲ ಸರ್. ನಾನು ಈ ಕಡೆ ಯಕ್ಷಗಾನದ ಆಟ, ತಾಳಮದ್ದಳೆ ರೆಕಾರ್ಡ್ ಮಾಡುವವನು, ದಿನಾ ಕ್ಲೋಸ್ಡ್ ಹಾಕಿಕೊಂಡೇ ಕೆಲಸ. ಕಾರಣ ಹೇಳ್ತೇನೆ.

ಚೌಕಿ (ವೇಷ ಕಟ್ಟೋ ಜಾಗ) ಪಕ್ಕದಲ್ಲಿ ಮಿಕ್ಸರ್ ಇಟ್ಟುಕೊಂಡು ಕೂತಿರ್ತೇನೆ. ಹತ್ತು ಹೆಜ್ಜೆ ಆಚೆ ಚಂಡೆ. ಓಪನ್ ಹಾಕಿದರೆ ಚಂಡೆ ಮೈಕಿನಿಂದ ಬಂದದ್ದಾ, ಗಾಳಿಯಲ್ಲಿ ನೇರ ಬಂದದ್ದಾ ಅಂತಲೇ ಗೊತ್ತಾಗಲ್ಲ. ಭಾಗವತರ ಮೈಕ್ ಒಡೆಯುತ್ತಿದೆಯಾ, ಮದ್ದಳೆ ಮೈಕ್ ಸರಿದು ಹೋಗಿದೆಯಾ, ಇದೆಲ್ಲ ಆಗಲೇ ತಿಳೀಬೇಕು, ಆಟ ಮುಗಿದ ಮೇಲೆ ತಿಳಿದು ಏನು ಪ್ರಯೋಜನ? ಸ್ಟುಡಿಯೋದಲ್ಲಿ ಹಾಡಿಸುವಾಗಲೂ ಅಷ್ಟೇ. ಹಾಡುವವರ ಕಿವಿಗೆ ಓಪನ್ ಕೊಟ್ಟರೆ ಅದರಿಂದ ಸೋರಿದ ಶ್ರುತಿ, ತಾಳ ಎಲ್ಲ ಅವರ ಮೈಕಿಗೇ ಹೋಗಿ ಕೂರುತ್ತದೆ, ಆಮೇಲೆ ತೆಗೆಯೋಕೆ ಬರಲ್ಲ. ಸೋನಿ ಎಂಡಿಆರ್-7506 1991ರಲ್ಲಿ ಬಂದದ್ದು, ಇವತ್ತಿಗೂ ಸ್ಟುಡಿಯೋ, ಶೂಟಿಂಗ್ ಜಾಗದಲ್ಲೆಲ್ಲ ಕಾಣುತ್ತದೆ. ಅದು ಕ್ಲೋಸ್ಡ್. ಕಿವಿ ಪಳಗದವರು ಹಾಕೋದಾದರೆ ಇಷ್ಟು ವರ್ಷ ಅದು ಉಳಿಯುತ್ತಿರಲಿಲ್ಲ.

ನಿಮ್ಮ ಮನೆ ವಿಷಯಕ್ಕೆ ಬಂದರೆ, ಕ್ಲೋಸ್ಡ್ ಕಪ್ ಎಲ್ಲ ಸದ್ದನ್ನೂ ಒಂದೇ ಸಮ ತಡೆಯಲ್ಲ. ಮೇಲಿನ ಸ್ಥಾಯಿಯ ಸದ್ದು ಚೆನ್ನಾಗಿ ತಡೆಯುತ್ತದೆ, ಕೆಳಗಿನದು ನುಗ್ಗಿ ಬರುತ್ತದೆ. ತಗಡಿನ ಮೇಲಿನ ಮಳೆಯಲ್ಲಿ ಚರಚರ ಅನ್ನೋ ಮೇಲಿನ ಸದ್ದೇ ಬಹಳ, ಆದ್ದರಿಂದ ಅದು ಎಷ್ಟೋ ಕಡಿಮೆಯಾಗುತ್ತದೆ. ಲಾರಿ ಇಂಜಿನ್, ಮಳೆಗಾಲದ ಕಡಲಿನ ಮೊರೆತ, ಅಡಿಕೆ ತೋಟದ ಪಂಪ್‌ಸೆಟ್, ಇವು ಕೆಳಗಿನ ಸದ್ದು, ಸ್ವಲ್ಪ ಉಳಿದೇ ಉಳಿಯುತ್ತವೆ. 770ಕ್ಕೆ ಕಂಪನಿ ಹೇಳೋದು ಸುಮಾರು 18 ಡೆಸಿಬೆಲ್ ತಡೆ ಅಂತ. ಮನೆಯಲ್ಲಿ ಅಷ್ಟು ಸಾಕು.

ತದಡಿ, ಕುಮಟಾ:

ಬಿಡ್ತಿಗೆಯವರು ಹೇಳಿದ್ದು ರೆಕಾರ್ಡಿಂಗ್‌ಗೆ ನೂರಕ್ಕೆ ನೂರು ಸರಿ. ಕೇಳೋದು ಬೇರೆ ಮಾರಾಯ್ರೇ. ನಾನು ಓಪನ್ ಪಕ್ಷದವನು, ಅದರ ಮಾತೂ ಸ್ವಲ್ಪ ಇರಲಿ.

ಹೆಡ್‌ಫೋನಿನೊಳಗೆ ಸದ್ದು ಹುಟ್ಟಿಸೋ ಭಾಗ, ಅಂದರೆ ಡ್ರೈವರ್‌ನ ತೆಳು ಪರದೆ ಕಿವಿ ಕಡೆಗೆ ಎಷ್ಟು ಸದ್ದು ಮಾಡ್ತದೋ ಹಿಂದಕ್ಕೂ ಅಷ್ಟೇ ಮಾಡ್ತದೆ. ಓಪನ್‌ನಲ್ಲಿ ಆ ಹಿಂದಿನ ಸದ್ದು ಜಾಲರಿಯಿಂದ ಹೊರಗೆ ಹೋಗಿಬಿಡ್ತದೆ. ಕ್ಲೋಸ್ಡ್‌ನಲ್ಲಿ ಕಪ್ಪಿನ ಗೋಡೆಗೆ ಬಡಿದು ವಾಪಸ್ ಬರ್ತದೆ, ಬಂದು ಮೂಲ ಸದ್ದಿನ ಜೊತೆ ಸೇರ್ತದೆ. ಒಳಗೆ ಸ್ಪಂಜು, ಉಣ್ಣೆ ತುಂಬಿ ಅದನ್ನು ಹೀರಿಸೋಕೆ ನೋಡ್ತಾರೆ, ಆದರೂ ಕೆಲವು ಕಡೆ ಗುಂಯ್‌ಗುಡೋದು, ಡಬ್ಬಿಯೊಳಗೆ ಕೂತ ಹಾಗೆ ಕೇಳೋದು ಕಮ್ಮಿ ಬೆಲೆಯ ಕ್ಲೋಸ್ಡ್‌ನಲ್ಲಿ ಇದ್ದೇ ಇದೆ. ಓಪನ್‌ನಲ್ಲಿ ಸದ್ದು ತಲೆಯ ಆಚೆಗೆ ಹರಡ್ತದೆ. ಸೆನ್‌ಹೈಸರ್ ಎಚ್‌ಡಿ 414 ಬಂದದ್ದು 1968ರಲ್ಲಿ, ಮೊದಲ ಓಪನ್ ಬ್ಯಾಕ್ ಅದೇ, ಹಳದಿ ಸ್ಪಂಜಿನ ಪ್ಯಾಡ್. ಅಲ್ಲಿಂದ ಇಲ್ಲಿವರೆಗೆ ಜನ ಸುಮ್ನೆ ಅದರ ಹಿಂದೆ ಬಿದ್ದಿಲ್ಲ. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ವಾದಿಸುವಾಗ, ಸ್ಟೀರಿಯೋ ರೆಕಾರ್ಡಿಂಗ್ ಆಗಿದ್ದರೆ, ಓಪನ್‌ನಲ್ಲಿ ಅವರ ಮಧ್ಯದ ಜಾಗ ಕೂಡ ಕೇಳಿಸ್ತದೆ.

ಕಾಳಿದಂಡೆ, ಕಾರವಾರ:

ತದಡಿಯವರೇ, ಆ ಹರಡಿಕೆ ನಾನೂ ಕೇಳಿದ್ದೇನೆ, ಅದು ನಿಜ. ಆದರೆ ನನ್ನ ಹತ್ತಿರ ಇರೋ ಹಳೇ ರೆಕಾರ್ಡಿಂಗ್ ಬಹಳಷ್ಟು ಒಂದೇ ಮೈಕಿನದು. ಕ್ಯಾಸೆಟ್‌ನಿಂದ ಇಳಿಸಿಕೊಂಡದ್ದು, ಎರಡೂ ಕಿವಿಗೆ ಒಂದೇ ಸದ್ದು. ಅದರಲ್ಲಿ ಹರಡೋಕೆ ಏನಿದೆ? ಅಲ್ಲಿ ನನಗೆ ಬೇಕಾಗಿರೋದು ಅರ್ಥಧಾರಿ ದನಿ ತಗ್ಗಿಸಿ ಆಡಿದ ಮಾತು. ವಾದದ ನಡುವೆ ಗದ್ಗದವಾಗಿ ಅರ್ಧಕ್ಕೆ ನಿಲ್ಲಿಸ್ತಾರಲ್ಲ, ಆ ಜಾಗ. ಟೇಪಿನ ಸುಯ್ ಅನ್ನೋದರ ಅಡಿಯಲ್ಲಿ ಅದು ಮೊದಲೇ ಮುಳುಗಿರುತ್ತದೆ. ಅದರ ಮೇಲೆ ಮಳೆ, ಲಾರಿ ಎಲ್ಲ ಸೇರಿದರೆ ಮಾತೇ ತಪ್ಪಿ ಹೋಗುತ್ತದೆ.

ಇನ್ನೊಂದು ಕೇಳಬೇಕಿತ್ತು. ನನಗೆ ಕನ್ನಡಕ ಇದೆ. ಅದರಿಂದ ಏನಾದರೂ ತೊಂದರೆಯಾ?

ಅಬ್ಬೊಲಿಗೆ, ಹೊನ್ನಾವರ:

ಕನ್ನಡಕದ ವಿಷಯ ನಾನು ಹೇಳ್ತೇನೆ, ನಾನೂ ಹಾಕೋದು. ಕ್ಲೋಸ್ಡ್‌ನಲ್ಲಿ ಬೇಸ್ ಇರೋದೇ ಪ್ಯಾಡ್ ತಲೆಗೆ ಸರಿಯಾಗಿ ಅಂಟಿಕೊಂಡಾಗ. ಕನ್ನಡಕದ ಕಡ್ಡಿ ಕಿವಿ ಮೇಲೆ ಹಾದು ಹೋಗುವಲ್ಲಿ ಸಣ್ಣ ಸಂದು ಬೀಳುತ್ತದೆ, ಅಲ್ಲಿಂದ ಗಾಳಿ ಹೋದರೆ ಬೇಸ್ ಹೋಯಿತು. ಪರೀಕ್ಷೆ ಸುಲಭ. ತಬಲಾ ನುಡಿಯೋ ಜಾಗ ಹಾಕಿ, ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೇಳಿ. ತೆಗೆದಾಗ ಡಗ್ಗಾ ಒಮ್ಮೆಲೇ ದಪ್ಪ ಆದರೆ ಸಂದು ಇದೆ ಅಂತಲೇ ಅರ್ಥ. ತೆಳು ತಂತಿ ಕಡ್ಡಿಯ ಕನ್ನಡಕಕ್ಕೆ ತೊಂದರೆ ಕಡಿಮೆ, ದಪ್ಪ ಪ್ಲಾಸ್ಟಿಕ್ ಕಡ್ಡಿಗೆ ಜಾಸ್ತಿ. ಮೆತ್ತನೆ ದಪ್ಪ ಪ್ಯಾಡ್ ಕಡ್ಡಿ ಸುತ್ತ ಕೂತುಕೊಳ್ಳುತ್ತದೆ, ಗಟ್ಟಿಯದು ಎದ್ದು ನಿಲ್ಲುತ್ತದೆ. ಕೂದಲು ಕೂಡ ಹಾಗೇ, ಪ್ಯಾಡ್ ಅಡಿಗೆ ಸಿಕ್ಕಿಕೊಂಡರೆ ಸೀಲ್ ಬಿಡುತ್ತದೆ. ನಾನು ಎರಡೂ ಕಡೆಯ ಕೂದಲು ಹಿಂದಕ್ಕೆ ತೆಗೆದೇ ಹಾಕಿಕೊಳ್ಳೋದು.

ಆದರೆ ಕರಾವಳಿಯಲ್ಲಿ ಕ್ಲೋಸ್ಡ್‌ನ ನಿಜವಾದ ಕಷ್ಟ ಪ್ಯಾಡು. ಮಾರ್ಚ್‌ನಿಂದ ಮೇವರೆಗೆ ಸೆಕೆ ನಿಮಗೆ ಗೊತ್ತಲ್ಲ, ಚರ್ಮದ ಹಾಗೆ ಕಾಣೋ ಪ್ಯಾಡ್ ಹಾಕಿಕೊಂಡರೆ ಕಿವಿ ಸುತ್ತ ಬೆವರು ಇಳಿಯುತ್ತದೆ. ಅದೇ ಬೆವರು ಮತ್ತು ಇಲ್ಲಿನ ಹಸಿ ಗಾಳಿ ಸೇರಿ ಆ ಮೇಲ್ಪದರ ಸುಲಿದು ಕಪ್ಪು ಚೂರು ಚೂರಾಗಿ ಕೆನ್ನೆಗೆ, ಕೂದಲಿಗೆ ಅಂಟುತ್ತದೆ. ಬಟ್ಟೆಯ, ಅಂದರೆ ವೆಲೂರ್ ಪ್ಯಾಡ್ ಹೀಗೆ ಸುಲಿಯಲ್ಲ, ಸೆಕೆಯೂ ಕಮ್ಮಿ. 770ಕ್ಕೆ ಹೆಚ್ಚಾಗಿ ಬರೋದು ಅದೇ, ನಿಮಗೆ ಒಳ್ಳೇದು. ಮಳೆಗಾಲದಲ್ಲಿ ಮಾತ್ರ ಬಟ್ಟೆ ತೇವ ಹಿಡಿದು ಬೂಷ್ಟು ಬರುತ್ತದೆ. ಕೇಳಿ ಆದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಫ್ಯಾನ್ ಅಡಿ ಇಟ್ಟು, ಆಮೇಲೆ ಮುಚ್ಚಳ ಬಿಗಿ ಇರೋ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಒದ್ದೆ ಇರುವಾಗಲೇ ಡಬ್ಬಕ್ಕೆ ಹಾಕಬೇಡಿ. ಜ್ಯಾಕ್ ಕೂಡ ಆಗಾಗ ಒರೆಸಿ, ಉಪ್ಪು ಗಾಳಿಗೆ ಮಂಕಾದರೆ ಕರಕರ ಅನ್ನೋಕೆ ಶುರುವಾಗುತ್ತದೆ.

ಪ್ಯಾಡ್ ಬದಲಿಸುವಾಗ ಕಂಪನಿಯದ್ದೇ ಹಾಕಿ. ನೋಡೋಕೆ ಒಂದೇ ಥರ ಇರೋ ಅಗ್ಗದ್ದು ದಪ್ಪದಲ್ಲಿ, ಸ್ಪಂಜಿನಲ್ಲಿ ಬೇರೆ ಇರುತ್ತದೆ, ಇಡೀ ಹೆಡ್‌ಫೋನಿನ ಸದ್ದೇ ಬದಲಾಗಿಬಿಡುತ್ತದೆ.

ಘಟ್ಟದ ಕೆಳಗೆ, ಅಂಕೋಲಾ:

ಯಾರೂ ಹೇಳದೇ ಇರೋದು ಕಿವಿಯ ಆರೋಗ್ಯ. ಓಪನ್ ಹಾಕಿಕೊಂಡು ಮಳೆ ಸದ್ದು ಮೀರಿಸೋಕೆ ವಾಲ್ಯೂಮ್ ಏರಿಸ್ತಾ ಹೋಗ್ತೇವೆ, ನಮಗೆ ಗೊತ್ತೇ ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ನಲ್ಲಿ. 90 ಡೆಸಿಬೆಲ್‌ಗೆ ಹೋದರೆ ವಾರಕ್ಕೆ ಬರೀ 4 ಗಂಟೆ. ಹತ್ತೇ ಡೆಸಿಬೆಲ್‌ಗೆ ಎಷ್ಟು ವ್ಯತ್ಯಾಸ ನೋಡಿ. ದಿನಾ ರಾತ್ರಿ ಕೇಳುವವರಿಗೆ ಹೊರಗಿನ ಸದ್ದು ತಡೆದು ವಾಲ್ಯೂಮ್ ಕೆಳಗೇ ಇಡೋಕೆ ಆಗೋದು ದೊಡ್ಡ ಲಾಭ. ನನಗಂತೂ ಕ್ಲೋಸ್ಡ್ ಬೇಕು ಅನ್ನೋಕೆ ಇದೊಂದೇ ಕಾರಣ ಸಾಕು.

ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಸದ್ದನ್ನು ಎದುರು ಸದ್ದಿನಿಂದ ಅಳಿಸೋದು) ಯಾಕೆ ಬೇಡ ಅಂತ ಯಾರಾದರೂ ಕೇಳಬಹುದು. ಲಾರಿ ಇಂಜಿನ್ ಥರದ ಒಂದೇ ಸಮನಾದ ಕೆಳಗಿನ ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡ್ತದೆ. ಆದರೆ ಚಾರ್ಜ್ ಬೇಕು, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಎಲ್ಲರಿಗೂ ಗೊತ್ತು, ಮತ್ತೆ ಇವರಿಗೆ ತಂತಿಯದ್ದೇ ಬೇಕು.

ತದಡಿ, ಕುಮಟಾ:

ಒಂದೇ ಮೈಕಿನ ರೆಕಾರ್ಡಿಂಗ್ ಅಂದಮೇಲೆ ನನ್ನ ವಾದಕ್ಕೆ ಬಲ ಇಲ್ಲ, ಒಪ್ಪಿದೆ. ಮಗಳು ಅದೇ ಕೋಣೆಯಲ್ಲಿ ಓದ್ತಾಳೆ ಅನ್ನೋದಂತೂ ದೊಡ್ಡ ವಿಷಯ. ಓಪನ್ ಹಾಕಿದರೆ ಪಕ್ಕದವರಿಗೆ ಹಾಡಿನ ಸಾಹಿತ್ಯವೂ ತಿಳಿಯೋ ಅಷ್ಟು ಸೋರ್ತದೆ, ಅವಳಿಗೆ ಪಾಪ ಓದೋಕೆ ಆಗಲ್ಲ. ಮಳೆಗಾಲ ಮುಗಿದ ಮೇಲೆ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಕೇಳೋಕೆ ಅಂತ ಮುಂದೆ ಒಂದು ಓಪನ್ ಸೇರಿಸಿಕೊಳ್ಳಿ. ಮೊದಲನೆಯದು ಕ್ಲೋಸ್ಡೇ ಇರಲಿ.

ಕಾಳಿದಂಡೆ, ಕಾರವಾರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಬ್ಬೊಲಿಗೆ ಮೇಡಂ ಹೇಳಿದ್ದು ಯಾವ ವಿಡಿಯೋದಲ್ಲೂ ಸಿಕ್ಕಿರಲಿಲ್ಲ, ನನ್ನದು ದಪ್ಪ ಕಡ್ಡಿಯ ಕನ್ನಡಕವೇ. ಹಾಗಾದರೆ 770 ತಗೊಳ್ತೇನೆ. ಅದರಲ್ಲಿ 32, 80, 250 ಓಮ್ ಅಂತ ಮೂರು ಇದೆಯಲ್ಲ, ಯಾವುದು? ನಾನು ಮೊಬೈಲಿಗೆ ಸಣ್ಣ ಡಾಂಗಲ್ (ಹೆಡ್‌ಫೋನ್ ಚುಚ್ಚೋ ಅಡಾಪ್ಟರ್) ಹಾಕಿ ಕೇಳೋದು, ಸದ್ದು ಹೆಚ್ಚಿಸೋ ಬೇರೆ ಆಂಪ್ ಇಲ್ಲ.

ಬಿಡ್ತಿಗೆ, ಶಿರಸಿ:

250 ಬೇಡ. ಓಮ್ ಅಂದರೆ ವಿದ್ಯುತ್ ತಡೆ, ಅದು ಜಾಸ್ತಿ ಆದಷ್ಟು ಹೆಚ್ಚು ವೋಲ್ಟೇಜ್ ಬೇಕು. ಡಾಂಗಲ್‌ನಲ್ಲಿ ಸದ್ದು ಸಾಲಲ್ಲ, ಅದರಲ್ಲೂ ಕ್ಯಾಸೆಟ್‌ನಿಂದ ಇಳಿಸಿದ ರೆಕಾರ್ಡಿಂಗ್ ಮೊದಲೇ ಸಣ್ಣ ದನಿಯಲ್ಲಿರುತ್ತದೆ. 32 ಆದರೆ ಡಾಂಗಲ್‌ಗೆ ಏನೂ ಯೋಚನೆ ಇಲ್ಲ, ಅದರ ಕೇಬಲ್ ಕೂಡ ಗಿಡ್ಡ, 1.6 ಮೀಟರ್. ಆದರೆ ಅದಕ್ಕೆ ವೆಲೂರ್ ಪ್ಯಾಡ್ ಅಲ್ಲದೆ ಬೇರೆ ಬಂದಿರುವ ಸಾಧ್ಯತೆಯೂ ಇದೆ, ತಗೊಳ್ಳುವಾಗ ಕೇಳಿ ನೋಡಿ. 80ರದ್ದು 3 ಮೀಟರ್ ಕೇಬಲ್, ಒಳ್ಳೇ ಡಾಂಗಲ್ ಆದರೆ ಅದೂ ನಡೆಯುತ್ತದೆ. ಈ ಮಾಡೆಲ್‌ನಲ್ಲಿ ಕೇಬಲ್ ಬಿಚ್ಚೋಕೆ ಬರಲ್ಲ, ಒಳಗೇ ಬೆಸುಗೆ ಹಾಕಿರುತ್ತದೆ. ಕುರ್ಚಿಯ ಗಾಲಿಗೆ ಸಿಕ್ಕದ ಹಾಗೆ ನೋಡಿಕೊಳ್ಳಿ. ಬಿಚ್ಚೋ ಕೇಬಲ್ಲೇ ಬೇಕು ಅಂದರೆ ಆಡಿಯೋ ಟೆಕ್ನಿಕಾ ಎಂ50ಎಕ್ಸ್ ನೋಡಬಹುದು, 38 ಓಮ್, ಮೊಬೈಲಿಗೂ ಸಲೀಸು. ಆದರೆ ಅದರ ಪ್ಯಾಡ್ ಚರ್ಮದ ಥರದ್ದು, ಅಬ್ಬೊಲಿಗೆಯವರು ಹೇಳಿದ ಸುಲಿಯೋ ತೊಂದರೆ ಅಲ್ಲಿ ಬಂದೇ ಬರುತ್ತದೆ.

ತಗೊಳ್ಳೋ ಮೊದಲು ನಿಮ್ಮ ಕನ್ನಡಕ ಹಾಕಿಕೊಂಡು, ನಿಮ್ಮದೇ ರೆಕಾರ್ಡಿಂಗ್ ಒಂದು ಮೊಬೈಲಲ್ಲಿ ಇಟ್ಟುಕೊಂಡು ಹೋಗಿ ಕೇಳಿ. ಆನ್‌ಲೈನ್ ತರಿಸೋದಾದರೆ ವಾಪಸ್ ಕೊಡೋಕೆ ಎಷ್ಟು ದಿನ ಸಮಯ ಇದೆ ಅಂತ ನೋಡಿಕೊಳ್ಳಿ, ಬಿಲ್ ಮತ್ತು ಡಬ್ಬಿ ಅಲ್ಲಿವರೆಗೆ ಬಿಸಾಡಬೇಡಿ.