ಅಪ್‌ಡೇಟ್: ಮಾಸ್‌ಫೆಟ್ ಬಿಸಿಯಾಗೋದು ನಿಂತಿತು

ಇಎಸ್‌ಪಿ32 (ಪಿನ್ನಿನಿಂದ 3.3 ವೋಲ್ಟ್ ಕೊಡುವ ಮೈಕ್ರೋಕಂಟ್ರೋಲರ್) ಬಳಸಿ 12 ವೋಲ್ಟ್, 2 ಆಂಪ್ ಎಲ್‌ಇಡಿ ಸ್ಟ್ರಿಪ್ ಓಡಿಸುವಾಗ, ಸ್ವಿಚ್‌ನಂತೆ ಹಾಕಿದ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಮುಟ್ಟಲಾಗದಷ್ಟು ಕಾಯುತ್ತೆ, ಬೆಳಕೂ ಮಂಕು ಅಂತ ಇಲ್ಲಿ ಕೇಳಿದ್ದೆ. ನೀವಂದಂತೆ ಗೇಟಿಗೆ (ಮಾಸ್‌ಫೆಟ್ ಆನ್ ಮಾಡುವ ಕಾಲು) ಸಿಗುವ ವೋಲ್ಟೇಜೇ ಸಾಲುತ್ತಿರಲಿಲ್ಲ.

ಡೇಟಾಶೀಟಿನ 2–4 ವೋಲ್ಟ್ ಥ್ರೆಶೋಲ್ಡ್ (ಮಾಸ್‌ಫೆಟ್ ಆನ್ ಆಗತೊಡಗುವ ಗೇಟ್ ವೋಲ್ಟೇಜ್) ನೋಡಿ 3.3 ಸಾಕು ಅಂದುಕೊಂಡಿದ್ದೆ. ಅದು ಬರೀ 250 ಮೈಕ್ರೋಆಂಪ್ ಹರಿಯುವ ಮಟ್ಟ, ಆನ್ ಇದ್ದಾಗಿನ ರೆಸಿಸ್ಟೆನ್ಸ್ 17.5 ಮಿಲಿಓಮ್ ಅನ್ನೋದು ಗೇಟಿಗೆ 10 ವೋಲ್ಟ್ ಕೊಟ್ಟಾಗಿನ ಲೆಕ್ಕ. ಸ್ಟ್ರಿಪ್ ಪೂರ್ತಿ ಆನ್ ಇದ್ದಾಗ ಡ್ರೈನ್–ಸೋರ್ಸ್ (ಕರೆಂಟ್ ಹರಿಯುವ ಎರಡು ಕಾಲು) ನಡುವೆ ಮಲ್ಟಿಮೀಟರ್ ಇಟ್ಟರೆ 2.6 ವೋಲ್ಟ್! ಇನ್ನು ಬಿಸಿಯಾಗದೆ ಇರುತ್ತಾ?

ಅದರ ಬದಲು ಕಡಿಮೆ ಗೇಟ್ ವೋಲ್ಟೇಜಿಗೇ ಆನ್ ಆಗುವ ಎಒ3400ಎ ಮಾಸ್‌ಫೆಟ್ ಹಾಕಿದೆ. 2.5 ವೋಲ್ಟಿಗೇ ಗರಿಷ್ಠ 48 ಮಿಲಿಓಮ್, ಅಂದರೆ 2 ಆಂಪಿಗೆ 0.2 ವ್ಯಾಟ್ ಒಳಗೆ. ಈಗ ಡ್ರಾಪ್ 0.06 ವೋಲ್ಟ್. ತೀರಾ ಚಿಕ್ಕದು, ಬ್ರೆಡ್‌ಬೋರ್ಡಿಗೆ ಅಡಾಪ್ಟರ್ ಬೋರ್ಡ್ ಬೇಕು.

ಬೂಟ್ ಆಗುವಾಗ ಸ್ಟ್ರಿಪ್ ಮಿನುಗುತ್ತಿದ್ದುದು ಗೇಟಿನಿಂದ ಗ್ರೌಂಡಿಗೆ 10ಕೆ (10 ಕಿಲೋಓಮ್) ರೆಸಿಸ್ಟರ್ ಹಾಕಿದ ಮೇಲೆ ಹೋಯಿತು.